ಎರಡು ಥರ್ಮೊಕೋಲ್ ಗುಂಡು, ಒಂದು ಪಿವಿಸಿ ಪೈಪು: ಕೂಲಂಬ್ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಮೂರನೇ_ಬೆಂಚು

ದ್ವಿತೀಯ ಪಿಯು ಪ್ರಾಜೆಕ್ಟ್‌ಗೆ ಮಾಡಿದ ಸೆಟಪ್ ಹೀಗಿದೆ. 2 ಸೆಂ.ಮೀ. ವ್ಯಾಸದ ಎರಡು ಥರ್ಮೊಕೋಲ್ ಗುಂಡು, ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ತಲಾ 0.15 ಗ್ರಾಂ. ಎರಡನ್ನೂ ಒಂದೇ ಮೊಳೆಗೆ 60 ಸೆಂ.ಮೀ. ಹತ್ತಿ ದಾರದಲ್ಲಿ ಇಳಿಬಿಟ್ಟಿದೆ. ಪಿವಿಸಿ ಪೈಪನ್ನು ಉಣ್ಣೆ ಬಟ್ಟೆಯಿಂದ ಉಜ್ಜಿ ಎರಡಕ್ಕೂ ಮುಟ್ಟಿಸಿದರೆ ಗುಂಡುಗಳು ದೂರ ಸರಿಯುತ್ತವೆ. ಅಲ್ಲಿಂದ ಮುಂದೆ ತೊಂದರೆ.

1. 8 ಸೆಂ.ಮೀ. ದೂರ ಹೋದವು ಅರ್ಧ ನಿಮಿಷದಲ್ಲಿ ಮತ್ತೆ ಒಂದನ್ನೊಂದು ಮುಟ್ಟುತ್ತವೆ.

2. ಚಾರ್ಜ್ ಇಲ್ಲದ ಮೂರನೇ ಗುಂಡನ್ನು ಒಂದಕ್ಕೆ ತಾಗಿಸಿ ಅದರ ಚಾರ್ಜ್ ಅರ್ಧ ಮಾಡಿದರೆ ದೂರ 8ರಿಂದ 4 ಆಗಬೇಕಲ್ಲ? 6.2ರ ಆಸುಪಾಸು ನಿಲ್ಲುತ್ತದೆ.

3. ಒಂದರ ಚಾರ್ಜ್ ಮಾತ್ರ ಅರ್ಧವಾದರೂ ಎರಡೂ ಗುಂಡು ಸಮ ಕೋನದಲ್ಲೇ ನಿಲ್ಲುತ್ತವೆ. ಕಡಿಮೆ ಚಾರ್ಜಿನದು ಹೆಚ್ಚು ದೂರ ಹೋಗಬೇಕಿತ್ತಲ್ಲವೇ?

ಸೂತ್ರಧಾರಿ

ಮೂರನೆಯದು ಸುಲಭ, ಅದನ್ನು ಮೊದಲು ಮುಗಿಸೋಣ. ಕೂಲಂಬ್ ಸೂತ್ರದಲ್ಲಿ (ಬಲ = 9 × 10⁹ × ಚಾರ್ಜುಗಳ ಗುಣಲಬ್ಧ ÷ ದೂರದ ವರ್ಗ) ಇರುವುದು ಎರಡು ಚಾರ್ಜುಗಳ ಗುಣಲಬ್ಧ. ಇದು ಅದನ್ನು ತಳ್ಳುವುದಕ್ಕೆ ಒಂದು ಸಂಖ್ಯೆ, ಅದು ಇದನ್ನು ತಳ್ಳುವುದಕ್ಕೆ ಇನ್ನೊಂದು ಸಂಖ್ಯೆ ಅಂತ ಇಲ್ಲವೇ ಇಲ್ಲ. ಒಂದರಲ್ಲಿ 8 ನ್ಯಾನೊಕೂಲಂಬ್ (ಚಾರ್ಜಿನ ಮಾನವಾದ ಕೂಲಂಬಿನ ನೂರು ಕೋಟಿಯಲ್ಲಿ ಒಂದು ಭಾಗ), ಇನ್ನೊಂದರಲ್ಲಿ 4 ಇದ್ದರೂ ಎರಡರ ಮೇಲೂ ಬೀಳುವ ಬಲ ಒಂದೇ. ಕೋನ ಬೇರೆಯಾಗಬೇಕಾದರೆ ತೂಕ ಬೇರೆಯಾಗಬೇಕು. ಒಂದಕ್ಕೆ ಫಾಯಿಲ್ ಎರಡು ಸುತ್ತು ಜಾಸ್ತಿ ಸುತ್ತಿ ನೋಡಿ, ಭಾರದ ಗುಂಡು ಕಡಿಮೆ ಸರಿಯುತ್ತದೆ.

ಈಗ ಎರಡನೆಯದು. ಗುಂಡು ನಿಂತ ಜಾಗದಲ್ಲಿ ವಿದ್ಯುತ್ ಬಲಕ್ಕೆ ಎದುರಾಗಿ ಇರುವುದು ತೂಕದ ಅಡ್ಡ ಪಾಲು. ಸಣ್ಣ ಕೋನದಲ್ಲಿ ಅದು

ಬಲ = ತೂಕ × (ದೂರದ ಅರ್ಧ ÷ ದಾರದ ಉದ್ದ)

ಅಂದರೆ ಗುಂಡು ಹತ್ತಿರ ಬಂದಷ್ಟೂ ಹಿಂದಕ್ಕೆ ಎಳೆಯುವ ಬಲವೂ ಇಳಿಯುತ್ತದೆ. ಇದನ್ನು ಕೂಲಂಬ್ ಸೂತ್ರಕ್ಕೆ ಸಮ ಮಾಡಿದರೆ ಚಾರ್ಜುಗಳ ಗುಣಲಬ್ಧವು ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ, ವರ್ಗಕ್ಕಲ್ಲ. ಗುಣಲಬ್ಧ ಅರ್ಧವಾದರೆ ದೂರ 0.794 ಪಟ್ಟು: 8 × 0.794 = 6.35 ಸೆಂ.ಮೀ. ನಿಮಗೆ 6.2 ಬಂದಿದೆ, ಉಳಿದ ಒಂದೂವರೆ ಮಿಲಿಮೀಟರ್ ಚಾರ್ಜ್ ಸೋರಿಕೆಯ ಲೆಕ್ಕಕ್ಕೆ. ಎರಡರ ಚಾರ್ಜನ್ನೂ ಅರ್ಧ ಮಾಡಿದರೆ 5.04 ಬರಬೇಕು. 4 ಬರಬೇಕಾದರೆ ಗುಣಲಬ್ಧ ಎಂಟನೇ ಒಂದಕ್ಕೆ ಇಳಿಯಬೇಕು.

ನಿಮ್ಮ ಅಂಕಿಗಳಿಂದಲೇ ಚಾರ್ಜ್ ತೆಗೆಯಬಹುದು. ತೂಕ 0.00147 ನ್ಯೂಟನ್, ಅದನ್ನು 4/60ರಿಂದ ಗುಣಿಸಿದರೆ ಬಲ 9.8 × 10⁻⁵ ನ್ಯೂಟನ್. ಅದನ್ನು 0.08ರ ವರ್ಗದಿಂದ ಗುಣಿಸಿ 9 × 10⁹ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ: ಸುಮಾರು 8.3 ನ್ಯಾನೊಕೂಲಂಬ್. ತಲಾ 5,200 ಕೋಟಿ ಎಲೆಕ್ಟ್ರಾನ್ ಹೆಚ್ಚಾಗಿ ಕೂತಿವೆ ಅಂತ ಅರ್ಥ. ಇದೇ ಎರಡು ಗುಂಡುಗಳ ನಡುವಿನ ಗುರುತ್ವ ಬಲ 2.3 × 10⁻¹⁶ ನ್ಯೂಟನ್. ವಿದ್ಯುತ್ ಬಲ ಅದರ 42 ಸಾವಿರ ಕೋಟಿ ಪಟ್ಟು ದೊಡ್ಡದು, ಹಾಗಾಗಿ ಗುರುತ್ವವನ್ನು ಮರೆತುಬಿಡಿ.

ಹಳೇ_ಲ್ಯಾಬು

ಅರ್ಧ ನಿಮಿಷದಲ್ಲಿ ಎಲ್ಲಾ ಹೋಗುತ್ತಿದೆ ಅಂದರೆ ಕಳ್ಳ ದಾರವೇ. ಹತ್ತಿ ನೂಲು ಗಾಳಿಯ ತೇವ ಹೀರುತ್ತದೆ, ಒಣಗಿದ ಹಾಗೆ ಕಂಡರೂ ಚಾರ್ಜನ್ನು ಮೊಳೆಗೆ ದಾಟಿಸುತ್ತದೆ. ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ನೈಲಾನ್ ದಾರ ತನ್ನಿ, 0.1 ಮಿ.ಮೀ. ದಪ್ಪದ್ದು. ಬೆರಳಿನ ಬೆವರು, ಎಣ್ಣೆ ಹತ್ತಿದರೆ ಅದೂ ಸೋರುತ್ತದೆ, ಹಾಗಾಗಿ ಕಟ್ಟಿದ ಮೇಲೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಮೇಲಿನಿಂದ ಕೆಳಗೆ ಒಮ್ಮೆ ಒರೆಸಿ, ಆರಲು ಬಿಡಿ.

ದಪ್ಪ ದಾರ ಬೇಡ, ಅದಕ್ಕೂ ತೂಕ ಇದೆ. 60 ಸೆಂ.ಮೀ. ಉದ್ದಕ್ಕೆ 0.1 ಮಿ.ಮೀ. ದಾರ ಸುಮಾರು 5 ಮಿಲಿಗ್ರಾಂ, 0.2 ಮಿ.ಮೀ.ದ್ದು 21 ಮಿಲಿಗ್ರಾಂ. ದಾರದ ತೂಕದ ಅರ್ಧವನ್ನು ಗುಂಡಿನ ತೂಕಕ್ಕೆ ಸೇರಿಸಬೇಕು. ನಿಮ್ಮ 150 ಮಿಲಿಗ್ರಾಂ ಗುಂಡಿಗೆ ದಪ್ಪ ದಾರ ಹಾಕಿದರೆ ಶೇ. 7 ವ್ಯತ್ಯಾಸ, ಸಣ್ಣದು ಹಾಕಿದರೆ ಶೇ. 2 ಕೂಡ ಇಲ್ಲ.

ಫಾಯಿಲನ್ನೂ ಗಮನಿಸಿ. ಸುಕ್ಕುಗಳ ಚೂಪು ತುದಿಯಿಂದ ಚಾರ್ಜ್ ಗಾಳಿಗೆ ಹೋಗುತ್ತದೆ. ಚಮಚದ ಬೆನ್ನಿನಿಂದ ತಿಕ್ಕಿ ನುಣುಪು ಮಾಡಿ. ಹಾಗಂತ ಫಾಯಿಲ್ ತೆಗೆದುಹಾಕಬೇಡಿ. ಬರೀ ಥರ್ಮೊಕೋಲಿನಲ್ಲಿ ಚಾರ್ಜ್ ಮುಟ್ಟಿದ ಜಾಗದಲ್ಲೇ ಅಂಟಿಕೊಂಡಿರುತ್ತದೆ, ಕೇಂದ್ರದಿಂದ ಕೇಂದ್ರಕ್ಕೆ ಅಳೆದ ದೂರಕ್ಕೆ ಅರ್ಥವೇ ಇರುವುದಿಲ್ಲ.

ಮೂರನೇ ಗುಂಡು ತಾಗಿಸುವಾಗ ಒಂದು ಸೂಕ್ಷ್ಮ ಇದೆ. ಎರಡು ಗುಂಡುಗಳ ಸಾಲಿನಲ್ಲೇ ಹೊರಗಿನಿಂದ ತಂದು ತಾಗಿಸಿದರೆ ಪಾಲು ಸಮ ಆಗುವುದಿಲ್ಲ. ಆಚೆಯ ಗುಂಡು ತಳ್ಳುವುದರಿಂದ ಹೊರಗಿನದಕ್ಕೆ ಹೆಚ್ಚು ಹೋಗುತ್ತದೆ. ಸಾಲಿಗೆ ಅಡ್ಡಲಾಗಿ, ಎದುರಿನಿಂದ ತನ್ನಿ. ಗಾತ್ರ ಒಂದೇ ಇರಲಿ, ಹಿಡಿಯುವುದು ಒಣ ಪ್ಲಾಸ್ಟಿಕ್ ಸ್ಟ್ರಾದಿಂದ.

ಕಡಲತಡಿ

ಎಲ್ಲಕ್ಕಿಂತ ಮುಂಚೆ ಊರು, ತಿಂಗಳು ಯಾವುದು ಹೇಳಿ ಮಾರಾಯ್ರೆ. ಜುಲೈಯಲ್ಲಿ ಮಂಗಳೂರಲ್ಲಿ ಇದನ್ನು ಮಾಡಲು ಹೊರಟರೆ ನೈಲಾನ್ ದಾರವೂ ಕಾಪಾಡುವುದಿಲ್ಲ. ಆರ್ದ್ರತೆ ಶೇ. 50ರ ಕೆಳಗಿದ್ದರೆ ಆರಾಮ, 65 ದಾಟಿದರೆ ಪೈಪ್ ಉಜ್ಜಿ ಉಜ್ಜಿ ಕೈ ನೋಯುವುದಷ್ಟೇ. ಜನವರಿಯ ಮಧ್ಯಾಹ್ನ ಬಳ್ಳಾರಿ ಕಡೆ ಇದೇ ಸಾಮಾನು ಚೆನ್ನಾಗಿ ಕೆಲಸ ಮಾಡುತ್ತದೆ.

ಕರಾವಳಿಯಲ್ಲೇ ಮಾಡಬೇಕು ಅಂದರೆ ಎರಡು ದಾರಿ. ಪೈಪು, ಬಟ್ಟೆ, ದಾರ ಮೂರಕ್ಕೂ ಹೇರ್ ಡ್ರೈಯರ್ ಬಿಸಿಗಾಳಿ ಎರಡು ನಿಮಿಷ ಕೊಟ್ಟು, ಆರಿಸಿ, ಕೂಡಲೇ ಮಾಡಿ. ಇಲ್ಲವೇ ಗಾಜಿನ ಅಕ್ವೇರಿಯಂ ತೊಟ್ಟಿಯನ್ನು ಕವುಚಿ ಒಳಗೆ ಸಿಲಿಕಾ ಜೆಲ್ ಇಟ್ಟು ಒಂದು ರಾತ್ರಿ ಬಿಡಿ. ಫ್ಯಾನ್ ಬಂದ್. ಬಾಯಿಂದ ಉಸಿರೂ ಆ ಕಡೆ ಬಿಡಬೇಡಿ, ಗುಂಡು ಅಲ್ಲಾಡುವುದು ಹಾಗಿರಲಿ, ಉಸಿರಿನ ತೇವವೇ ಸಾಕು.

ಮೂರನೇ_ಬೆಂಚು

ನೈಲಾನ್ ದಾರ ಹಾಕಿ, ಡ್ರೈಯರ್ ಹಿಡಿದ ಮೇಲೆ 8 ಸೆಂ.ಮೀ. ದೂರ ಒಂದು ನಿಮಿಷಕ್ಕೆ 7ಕ್ಕೆ ಇಳಿಯುತ್ತಿದೆ. ಇದು ಸಾಕೇ? ಇನ್ನೊಂದು, ದೂರ ಅಳೆಯಲು ಸ್ಟೀಲ್ ಸ್ಕೇಲ್ ಹತ್ತಿರ ತಂದರೆ ಗುಂಡು ಸ್ಕೇಲಿನ ಕಡೆಗೇ ವಾಲುತ್ತದೆ.

ಸೂತ್ರಧಾರಿ

ಲೆಕ್ಕ ಹಾಕಿ. 7ರ ಘನ 343, 8ರ ಘನ 512. ಗುಣಲಬ್ಧ 0.67ಕ್ಕೆ ಇಳಿದಿದೆ, ಅಂದರೆ ಪ್ರತಿ ಗುಂಡಿನ ಚಾರ್ಜ್ 0.82ಕ್ಕೆ. ನಿಮಿಷಕ್ಕೆ ಶೇ. 18 ಸೋರಿಕೆ, ಕಾಲಸ್ಥಿರಾಂಕ (ಚಾರ್ಜ್ ಶೇ. 37ಕ್ಕೆ ಇಳಿಯಲು ಬೇಕಾದ ಸಮಯ) 5 ನಿಮಿಷ. ಹತ್ತು ಸೆಕೆಂಡಿನೊಳಗೆ ಓದುವ ಅಳತೆಗೆ ಸಾಕು. ದೂರದಲ್ಲಿ ಕಾಣುವ ಇಳಿಕೆ ಶೇ. 12.5 ಮಾತ್ರ, ಅದನ್ನೇ ಚಾರ್ಜಿನ ಇಳಿಕೆ ಅಂದುಕೊಳ್ಳಬೇಡಿ.

ಸ್ಟೀಲ್ ಸ್ಕೇಲಿನಲ್ಲಿ ಪ್ರೇರಣೆಯಿಂದ ವಿರುದ್ಧ ಚಾರ್ಜ್ ಹತ್ತಿರದ ಬದಿಗೆ ಬರುತ್ತದೆ, ಎಳೆಯುತ್ತದೆ. ನಿಮ್ಮ ಕೈಯೂ ಅದನ್ನೇ ಮಾಡುತ್ತದೆ. ಹಿಂದೆ ಒಂದು ಅಡಿ ದೂರದಲ್ಲಿ ಗ್ರಾಫ್ ಹಾಳೆ ನಿಲ್ಲಿಸಿ, ಮೊಬೈಲನ್ನು 2 ಮೀಟರ್ ಹಿಂದಿಟ್ಟು ಜೂಮ್ ಮಾಡಿ ಫೋಟೊ ತೆಗೆಯಿರಿ. ಹಾಳೆ ಹಿಂದಿರುವುದರಿಂದ ಅಲ್ಲಿ ಕಾಣುವ ದೂರ ನಿಜಕ್ಕಿಂತ ದೊಡ್ಡದು. ಕ್ಯಾಮೆರಾದಿಂದ ಗುಂಡಿಗೆ 200 ಸೆಂ.ಮೀ., ಹಾಳೆಗೆ 230 ಇದ್ದರೆ ಓದಿದ್ದನ್ನು 200/230ರಿಂದ ಗುಣಿಸಿ.

ತಕ್ಕಡಿ

ತೂಗುಗುಂಡಿನಲ್ಲಿ ದೂರವೂ ಬಲವೂ ಒಟ್ಟಿಗೆ ಬದಲಾಗುತ್ತವೆ, ಹಾಗಾಗಿ ವಿಲೋಮ ವರ್ಗ ನಿಯಮವನ್ನು (ದೂರ ಎರಡರಷ್ಟಾದರೆ ಬಲ ಕಾಲು ಭಾಗ) ನೇರ ತೋರಿಸುವುದು ಕಷ್ಟ. ಅದಕ್ಕೆ ಡಿಜಿಟಲ್ ತಕ್ಕಡಿ ಚೆನ್ನ. 40 ಮಿ.ಮೀ. ಟೇಬಲ್ ಟೆನಿಸ್ ಚೆಂಡು ಎರಡು, ಮೇಲೆ ಫಾಯಿಲ್. ಒಂದನ್ನು ಪ್ಲಾಸ್ಟಿಕ್ ಕಂಬದ ಮೇಲೆ ಕೂರಿಸಿ ತಕ್ಕಡಿಯಲ್ಲಿಡಿ. ಇನ್ನೊಂದನ್ನು ಮೇಲಿನಿಂದ ಸ್ಟ್ಯಾಂಡಿನ ಸ್ಟ್ರಾಗೆ ಅಂಟಿಸಿ ಇಳಿಸಿ. ತಳ್ಳುವ ಬಲ ನೇರ ಗ್ರಾಮಿನಲ್ಲಿ ಬರುತ್ತದೆ, 0.1 ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಮಿಲಿನ್ಯೂಟನ್.

ಚಾರ್ಜ್ ಕೊಡಲು ಪೈಪ್ ಬೇಡ, ಪ್ರತಿ ಸಲ ಬೇರೆ ಬೇರೆ ಬರುತ್ತದೆ. ಎಲೆಕ್ಟ್ರೊಫೋರಸ್ ಮಾಡಿಕೊಳ್ಳಿ. ಥರ್ಮೊಕೋಲ್ ಶೀಟನ್ನು ಉಣ್ಣೆಯಿಂದ ಚೆನ್ನಾಗಿ ಉಜ್ಜಿ. ಸ್ಟೀಲ್ ಊಟದ ತಟ್ಟೆಯ ನಡುವೆ ಪ್ಲಾಸ್ಟಿಕ್ ಲೋಟ ಅಂಟಿಸಿದರೆ ಅದೇ ಹಿಡಿ. ತಟ್ಟೆಯನ್ನು ಶೀಟಿನ ಮೇಲಿಟ್ಟು, ಅಂಚನ್ನು ಬೆರಳಲ್ಲಿ ಮುಟ್ಟಿ (ಚಟ್ ಅನ್ನುತ್ತದೆ), ಬೆರಳು ತೆಗೆದು, ಲೋಟ ಹಿಡಿದು ಎತ್ತಿ. ಬೆರಳು ತೆಗೆಯುವ ಮುಂಚೆ ಎತ್ತಿದರೆ ಏನೂ ಉಳಿಯುವುದಿಲ್ಲ, ಎಲ್ಲರೂ ಮೊದಲು ಮಾಡುವ ತಪ್ಪು ಅದೇ. ಶೀಟಿನದು ಋಣ, ತಟ್ಟೆಗೆ ಬಂದದ್ದು ಧನ. ಶೀಟಿನ ಚಾರ್ಜ್ ಖರ್ಚಾಗುವುದಿಲ್ಲ, ಹತ್ತು ಸಲ ಎತ್ತಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ಅಗ್ಗದ ತಕ್ಕಡಿಗೆ ಒಂದು ದುರಭ್ಯಾಸ ಇದೆ: ಸೊನ್ನೆಯ ಹತ್ತಿರ ನಿಧಾನ ಬದಲಾಗುವುದನ್ನು ತಾನೇ ಸೊನ್ನೆ ಮಾಡಿಕೊಳ್ಳುತ್ತದೆ. ಟೇರ್ (ಸೊನ್ನೆ ಮಾಡುವ ಬಟನ್) ಒತ್ತಬೇಡಿ. ಚೆಂಡು, ಕಂಬದ ತೂಕ ಪರದೆಯಲ್ಲಿ ಇರಲಿ, ಕಾಗದದಲ್ಲಿ ಕಳೆಯಿರಿ.

ಮೂರನೇ_ಬೆಂಚು

ಮಾಡಿದೆ. ಕಂಬ 10 ಸೆಂ.ಮೀ., ತಕ್ಕಡಿ 0.01 ಗ್ರಾಂದು. ಕೇಂದ್ರದಿಂದ ಕೇಂದ್ರಕ್ಕೆ 6 ಸೆಂ.ಮೀ.ಗೆ 0.18, 10ಕ್ಕೆ 0.07, 20ಕ್ಕೆ 0.01 ಗ್ರಾಂ. 6ರಿಂದ 10ಕ್ಕೆ ಬಲ 2.78 ಪಟ್ಟು ಇಳಿಯಬೇಕು, 2.6 ಪಟ್ಟು ಇಳಿದಿದೆ. 10ರಿಂದ 20ಕ್ಕೆ 4 ಪಟ್ಟು ಇಳಿಯಬೇಕು, 7 ಪಟ್ಟು! ಹತ್ತಿರದಲ್ಲಿ ಕಡಿಮೆ, ದೂರದಲ್ಲಿ ಜಾಸ್ತಿ ಇಳಿಕೆ. ವಿಲೋಮ ವರ್ಗ ಎಲ್ಲಿ ಹೋಯಿತು?

ಸೂತ್ರಧಾರಿ

ಎರಡು ಬೇರೆ ಬೇರೆ ತಪ್ಪು, ಎರಡು ತುದಿಯಲ್ಲಿ ಕೂತಿವೆ.

ಹತ್ತಿರದಲ್ಲಿ: ಕೂಲಂಬ್ ಸೂತ್ರ ಬಿಂದು ಚಾರ್ಜುಗಳದ್ದು. ವಾಹಕ ಚೆಂಡುಗಳಲ್ಲಿ ಒಂದೇ ಜಾತಿಯ ಚಾರ್ಜ್ ಒಂದನ್ನೊಂದು ತಳ್ಳಿ ಆಚೆ ಬದಿಗೆ ಸರಿಯುತ್ತದೆ. ಚಾರ್ಜುಗಳ ನಿಜ ದೂರ ಕೇಂದ್ರಗಳ ದೂರಕ್ಕಿಂತ ಹೆಚ್ಚು, ಬಲ ಕಡಿಮೆ. ಸಮ ಚಾರ್ಜ್, ಸಮ ಗಾತ್ರಕ್ಕೆ ಅಂದಾಜು ತಿದ್ದುಪಡಿ: 1 − 4 × (ತ್ರಿಜ್ಯದ ಘನ ÷ ದೂರದ ಘನ). ನಿಮ್ಮ ತ್ರಿಜ್ಯ 2 ಸೆಂ.ಮೀ., ಹಾಗಾಗಿ 6 ಸೆಂ.ಮೀ.ನಲ್ಲಿ ಶೇ. 15 ಕೊರತೆ, 8ರಲ್ಲಿ 6, 10ರಲ್ಲಿ 3, 15ರಲ್ಲಿ 1.

ದೂರದಲ್ಲಿ: ತಕ್ಕಡಿಯ ಲೋಹದ ತಟ್ಟೆ. ಮೇಲಿನ ಚೆಂಡು ತಟ್ಟೆಯಲ್ಲಿ ವಿರುದ್ಧ ಚಾರ್ಜ್ ಹುಟ್ಟಿಸಿ ಅದನ್ನು ಮೇಲಕ್ಕೆ ಎಳೆಯುತ್ತದೆ, ಓದು ಕಡಿಮೆಯಾಗುತ್ತದೆ. ತಟ್ಟೆಯನ್ನು ಭೂಸಂಪರ್ಕವಿರುವ ದೊಡ್ಡ ಹಾಳೆ ಅಂದುಕೊಂಡು ಪ್ರತಿಬಿಂಬ ಚಾರ್ಜಿನ ಲೆಕ್ಕ (ಪ್ರತಿ ಚೆಂಡಿಗೂ ಹಾಳೆಯ ಕೆಳಗೆ ಅಷ್ಟೇ ಆಳದಲ್ಲಿ ಅಷ್ಟೇ ವಿರುದ್ಧ ಚಾರ್ಜ್ ಇದೆ ಅಂದುಕೊಳ್ಳುವುದು) ಹಾಕಿದರೆ, 10 ಸೆಂ.ಮೀ. ಕಂಬಕ್ಕೆ ಚೆಂಡುಗಳ ದೂರ 10 ಇದ್ದಾಗ ಶೇ. 17, 20 ಇದ್ದಾಗ ಶೇ. 36 ನಷ್ಟ. ನಿಜದ ತಟ್ಟೆ ಚಿಕ್ಕದು, ಇದು ಮೇಲ್ಮಿತಿ. ಅದರ ಮೇಲೆ 0.01 ಗ್ರಾಂ ತಕ್ಕಡಿಯಲ್ಲಿ 0.01 ಅಂತ ಓದಿದ್ದು 0.005ರಿಂದ 0.015ರವರೆಗೆ ಏನು ಬೇಕಾದರೂ ಇರಬಹುದು. ಆ 7 ಪಟ್ಟಿಗೆ ಜಾಸ್ತಿ ಬೆಲೆ ಕೊಡಬೇಡಿ.

ಹಳೇ_ಲ್ಯಾಬು

ಕೆಳಗಿನ ಚೆಂಡು ತೆಗೆದು, ಬರೀ ತಟ್ಟೆಯ ಮೇಲೆ ಮೇಲಿನ ಚೆಂಡು ತಂದು ಎಷ್ಟು ಇಳಿಯುತ್ತದೆ ನೋಡಿ, ಅದನ್ನು ಕೂಡಿಸಿಬಿಟ್ಟರೆ ಮುಗಿಯಿತಲ್ಲ?

ತಕ್ಕಡಿ

ಮುಗಿಯುವುದಿಲ್ಲ, ಅರ್ಧವೂ ಅಲ್ಲ. ಹಾಗೆ ಸಿಗುವುದು ಮೇಲಿನ ಚೆಂಡು ತಾನು ಹುಟ್ಟಿಸಿದ ಚಾರ್ಜನ್ನು ಎಳೆಯುವ ಬಲ ಮಾತ್ರ. ಕೆಳಗಿನ ಚೆಂಡೂ ತಟ್ಟೆಯಲ್ಲಿ ಚಾರ್ಜ್ ಹುಟ್ಟಿಸಿರುತ್ತದೆ, ಮೇಲಿನದು ಅದನ್ನೂ ಎಳೆಯುತ್ತದೆ. 30 ನ್ಯಾನೊಕೂಲಂಬ್ ಹಿಡಿದು, ದೂರ 10 ಸೆಂ.ಮೀ. ಇದ್ದಾಗ ಮೊದಲನೆಯದು 0.005 ಗ್ರಾಂ, ಎರಡನೆಯದು 0.009. ದೊಡ್ಡದೇ ಕೈತಪ್ಪಿ ಹೋಗುತ್ತದೆ. (ಕೆಳಗಿನ ಚೆಂಡು ಮತ್ತು ತಟ್ಟೆಯ ನಡುವಿನ ಎಳೆತ ಓದಿನಲ್ಲಿ ಬರುವುದೇ ಇಲ್ಲ, ಎರಡೂ ತಕ್ಕಡಿಯ ಮೇಲೇ ಇವೆ.)

ಕಂಬ ಎತ್ತರಿಸುವುದೇ ಮದ್ದು. 30 ಸೆಂ.ಮೀ. ಮಾಡಿದರೆ ಶೇ. 17 ಇದ್ದದ್ದು 3.6ಕ್ಕೆ ಇಳಿಯುತ್ತದೆ, 36 ಇದ್ದದ್ದು 10ಕ್ಕೆ. ಎರಡು ಸ್ಟ್ರಾ ಒಂದರೊಳಗೊಂದು ತೂರಿಸಿ ಥರ್ಮೊಕೋಲ್ ತುಂಡಿಗೆ ಚುಚ್ಚಿ. ಆಭರಣ ತೂಗುವ 0.001 ಗ್ರಾಂ ತಕ್ಕಡಿ ಸಿಕ್ಕರೆ ಬಳಸಿ, ಅದರ ಮಿತಿ ಸಾಮಾನ್ಯವಾಗಿ 20 ಗ್ರಾಂ. ಚೆಂಡು 2.7 ಗ್ರಾಂ, ಫಾಯಿಲ್, ಸ್ಟ್ರಾ ಸೇರಿದರೂ ತೊಂದರೆ ಇಲ್ಲ.

ಓದುವ ಕ್ರಮ: 20, 15, 10, 8, ಮತ್ತೆ 10, 15, 20. ಒಂದೇ ವೇಗದಲ್ಲಿ. ಒಂದೇ ದೂರದ ಎರಡು ಓದುಗಳ ಸರಾಸರಿ ತೆಗೆದರೆ ಸೋರಿಕೆ ಬಹುಪಾಲು ರದ್ದಾಗಿ, ಎಲ್ಲವೂ 8ರ ಹೊತ್ತಿನ ಚಾರ್ಜಿಗೆ ಸರಿಹೊಂದುತ್ತವೆ.

ಕೊನೇ_ಗಳಿಗೆ

ನಡುವೆ ಒಂದು ಸಿಇಟಿ ಪ್ರಶ್ನೆ. ತೂಗುಬಿಟ್ಟ ಗುಂಡುಗಳನ್ನು ಎಣ್ಣೆಯಲ್ಲಿ ಮುಳುಗಿಸಿದರೂ ಕೋನ ಬದಲಾಗುವುದಿಲ್ಲ, ಗುಂಡಿನ ಸಾಂದ್ರತೆ 1.6, ಎಣ್ಣೆಯದು 0.8. ಎಣ್ಣೆಯ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಬಲವನ್ನು ಎಷ್ಟು ಪಟ್ಟು ಇಳಿಸುತ್ತದೆ ಎಂಬ ಸಂಖ್ಯೆ) ಎಷ್ಟು?

ಸೂತ್ರಧಾರಿ

ವಿದ್ಯುತ್ ಬಲ ಎಷ್ಟು ಪಟ್ಟು ಇಳಿಯಿತೋ ತೋರಿಕೆಯ ತೂಕವೂ ಅಷ್ಟೇ ಪಟ್ಟು ಇಳಿದಿದೆ. 1.6 ÷ (1.6 − 0.8) = 2. ಈ ದಾರದಲ್ಲಿರುವ ಥರ್ಮೊಕೋಲ್ ಗುಂಡುಗಳಿಗೆ ಮಾತ್ರ ಈ ಪ್ರಶ್ನೆ ಕೇಳಬೇಡಿ, ಎಣ್ಣೆಯ ಮೇಲೆ ತೇಲಿಕೊಂಡು ಹೋಗುತ್ತವೆ.

ಕಡಲತಡಿ

ಎಲ್ಲರೂ ವಿಕರ್ಷಣೆಯನ್ನೇ ಅಳೆಯುತ್ತೀರಿ. ಒಂದು ಧನ, ಒಂದು ಋಣ ಕೊಟ್ಟು ಆಕರ್ಷಣೆ ಅಳೆಯಬಾರದೇ?

ಸೂತ್ರಧಾರಿ

ತಕ್ಕಡಿಯಲ್ಲಿ ಅಳೆಯಬಹುದು. ತೂಗುಗುಂಡಿನಲ್ಲಿ ಕೈಕೊಡುತ್ತದೆ. ಒಂದು ಚೆಂಡನ್ನು ನಿಲ್ಲಿಸಿ ಇನ್ನೊಂದನ್ನು ದಾರದಲ್ಲಿ ಬಿಟ್ಟರೆ, ಮೊದಲಿದ್ದ ಅಂತರದ ಮೂರನೇ ಒಂದು ಭಾಗ ಸರಿಯುವವರೆಗೆ ಸಮತೋಲ ಇದೆ. ಅದನ್ನು ದಾಟಿದ ಕ್ಷಣ ಎಳೆತ ಏರುವ ವೇಗಕ್ಕೆ ದಾರ ಸಾಟಿಯಾಗದೆ ಗುಂಡು ಠಪ್ ಅಂತ ಹೋಗಿ ಅಂಟುತ್ತದೆ. 12 ಸೆಂ.ಮೀ. ಅಂತರದಲ್ಲಿ ಇಟ್ಟಿದ್ದರೆ ಮಿತಿ 4 ಸೆಂ.ಮೀ. ಕೂಲಂಬ್ 1785ರ ತಿರುಚು ತಕ್ಕಡಿಯಲ್ಲೂ (ತೆಳು ತಂತಿ ಎಷ್ಟು ತಿರುಚಿತು ಎಂಬುದರಿಂದ ಬಲ ಅಳೆಯುವ ಸಾಧನ) ಇದೇ ಕಾಟ. ಆಕರ್ಷಣೆಗೆ ಬೇರೆ ದಾರಿ ಹಿಡಿದದ್ದು ಅದಕ್ಕೇ: ಚಾರ್ಜಾದ ಸಣ್ಣ ತುಂಡು ತೂಗಾಡುವ ಅವಧಿ ಎಣಿಸಿ ಬಲ ತೆಗೆದದ್ದು.

ವಿಕರ್ಷಣೆಗೆ ಕೂಲಂಬ್ ಕೊಟ್ಟ ಅಂಕಿಗಳು ಮೂರೇ. ಗುಂಡುಗಳ ನಡುವೆ 36 ಡಿಗ್ರಿ ಇದ್ದಾಗ ತಂತಿಯ ತಿರುಚು 36, 18 ಡಿಗ್ರಿಗೆ 144, 8.5 ಡಿಗ್ರಿಗೆ 575.5. ಎರಡನೆಯದು ಕರಾರುವಾಕ್ಕು. ಮೂರನೆಯದಕ್ಕೆ ವಿಲೋಮ ವರ್ಗದ ಪ್ರಕಾರ 646 ಬರಬೇಕಿತ್ತು, ಶೇ. 11 ಕಡಿಮೆ. ಸೋರಿಕೆ ಓದನ್ನು ತಳ್ಳುವುದೂ ಅದೇ ದಿಕ್ಕಿಗೆ.

ತಕ್ಕಡಿ

ಆಕರ್ಷಣೆ ಅಳೆಯುವವರಿಗೆ ಇನ್ನೊಂದು ಗುಂಡಿ ತೋಡಿರುತ್ತದೆ. ಎಳೆತ ಕಂಡ ಮಾತ್ರಕ್ಕೆ ಎರಡೂ ಚಾರ್ಜಾಗಿವೆ ಅನ್ನಬೇಡಿ. ಚಾರ್ಜ್ ಇಲ್ಲದ ಚೆಂಡೂ ಪ್ರೇರಣೆಯಿಂದ ಎಳೆಯಲ್ಪಡುತ್ತದೆ. ಆ ಬಲ ದೂರದ ಐದನೇ ಘಾತದಲ್ಲಿ ಇಳಿಯುತ್ತದೆ: ದೂರ ಎರಡರಷ್ಟಾದರೆ ಬಲ 32ನೇ ಒಂದು. ಬಾಚಣಿಗೆ ಕೆಳಗೆ ಕಾಗದದ ಚೂರು ಸುಮ್ಮನೆ ಬಿದ್ದಿದ್ದು ಇದ್ದಕ್ಕಿದ್ದಂತೆ ಜಿಗಿಯುವುದು ಬಲ ಹೀಗೆ ಏಕಾಏಕಿ ಏರುವುದರಿಂದ. ಲಾಗ್ ಗ್ರಾಫಿನ (ಬಲ, ದೂರ ಎರಡರ ಲಾಗರಿದಮ್ ತೆಗೆದು ಬರೆದದ್ದು, ಇಳಿಜಾರೇ ದೂರದ ಘಾತ) ಇಳಿಜಾರು 2ರ ಬದಲು 4, 5ರ ಕಡೆ ಹೋದರೆ ಒಂದು ಚೆಂಡು ಖಾಲಿ ಅಂತ ತಿಳಿಯಿರಿ. ಚಾರ್ಜ್ ಇದೆಯೇ ಎಂಬುದಕ್ಕೆ ವಿಕರ್ಷಣೆ ಒಂದೇ ಸಾಕ್ಷಿ.

ಮೂರನೇ_ಬೆಂಚು

30 ಸೆಂ.ಮೀ. ಕಂಬ, ಮಿಲಿಗ್ರಾಂ ತಕ್ಕಡಿ, ಹೋಗಿ ಬಂದ ಸರಾಸರಿ: 8ಕ್ಕೆ 0.118, 10ಕ್ಕೆ 0.077, 15ಕ್ಕೆ 0.034, 20ಕ್ಕೆ 0.019 ಗ್ರಾಂ. ಲಾಗ್ ಗ್ರಾಫಿನಲ್ಲಿ ಇಳಿಜಾರು 2.0. ತಿದ್ದುಪಡಿ ಏನೂ ಬೇಡ ತಾನೇ?

ಸೂತ್ರಧಾರಿ

ಬೇಕು. 8ರಿಂದ 10ಕ್ಕೆ ಮಾತ್ರ ತೆಗೆದರೆ ಇಳಿಜಾರು 1.91. ಹತ್ತಿರದ ಕೊರತೆಯೂ ದೂರದ ಕೊರತೆಯೂ ಒಂದನ್ನೊಂದು ಸರಿದೂಗಿಸಿ 2 ಕೊಟ್ಟಿವೆ, ಅದೃಷ್ಟ ಅಷ್ಟೇ. ಓದನ್ನು ಮೊದಲು ಚೆಂಡಿನ ಗಾತ್ರದ ತಿದ್ದುಪಡಿಯಿಂದ ಭಾಗಿಸಿ, ದೂರದ ವರ್ಗದಿಂದ ಗುಣಿಸಿ. 8ಕ್ಕೆ 8.06, 10ಕ್ಕೆ 7.95, 15ಕ್ಕೆ 7.7, 20ಕ್ಕೆ 7.6 ಬರುತ್ತದೆ. ದೂರ ಹೋದಂತೆ ಇಳಿಯುವ ಈ ಶೇ. 5ರಲ್ಲಿ ತಟ್ಟೆಯ ಎಳೆತ ಕಾಣುತ್ತಿದೆ. ವರದಿಯಲ್ಲಿ ಇಳಿಜಾರಿಗಿಂತ ಈ ಕಾಲಂ ಹಾಕಿ. 10 ಸೆಂ.ಮೀ. ಓದಿನಿಂದ ಚಾರ್ಜ್ ತಲಾ 29 ನ್ಯಾನೊಕೂಲಂಬ್.

ಮೂರನೇ_ಬೆಂಚು

29 ನ್ಯಾನೊಕೂಲಂಬ್, 2 ಸೆಂ.ಮೀ. ತ್ರಿಜ್ಯ ಅಂದರೆ 13,000 ವೋಲ್ಟ್ ಬರುತ್ತಿದೆ. ಮುಟ್ಟಬಹುದೇ?

ಹಳೇ_ಲ್ಯಾಬು

ಮುಟ್ಟಿ. ಚಾರ್ಜಿನ ಅರ್ಧವನ್ನು ವೋಲ್ಟಿನಿಂದ ಗುಣಿಸಿದರೆ ಅದರಲ್ಲಿರುವ ಶಕ್ತಿ 0.2 ಮಿಲಿಜೌಲ್, ಬೆರಳ ತುದಿಗೆ ಚುರುಕ್ ಅನ್ನಿಸಿದರೆ ಹೆಚ್ಚು. ಗಾಳಿ ಒಡೆಯುವುದು ಮೀಟರಿಗೆ 30 ಲಕ್ಷ ವೋಲ್ಟಿನಲ್ಲಿ, ಈ ಚೆಂಡಿಗೆ ಆ ಲೆಕ್ಕದಲ್ಲಿ 130 ನ್ಯಾನೊಕೂಲಂಬ್ ಗರಿಷ್ಠ. ಫಾಯಿಲ್ ಸುಕ್ಕಿದ್ದರೆ ಅಷ್ಟು ನಿಲ್ಲುವುದಿಲ್ಲ. ತಕ್ಕಡಿಯ ಪರದೆ, ಬಟನ್‌ಗಳ ಹತ್ತಿರ ಮಾತ್ರ ಚೆಂಡು ತಾಗಿಸಬೇಡಿ, ಕಿಡಿ ಒಳಗಿನ ಚಿಪ್ಪಿಗೆ ಹೋದರೆ ತಕ್ಕಡಿ ಕೆಡುತ್ತದೆ.